ಗೋಡೆಯ ಬಿರುಕು, ಗಾರೆಯ ಕಥೆ

ಮಳೆಗಾಲ ಹತ್ತಿರವಾಗುತ್ತಲೇ ಹಳೆಯ ಮನೆಯುಳ್ಳವರ ಕಣ್ಣು ಹೊರಗೋಡೆಯ ಬಿರುಕಿನ ಕಡೆಗೆ ಹೋಗುತ್ತದೆ. ನಾಲ್ಕು ಕರಣೆ ಸಿಮೆಂಟು ಮೆತ್ತಿಸಿದರೆ ಕೆಲಸ ಮುಗಿಯಿತೆಂದು ಅನೇಕರ ನಂಬಿಕೆ. ಆದರೆ ಎಷ್ಟೋ ವೇಳೆ ಮರುವರ್ಷ ತೇಪೆಯ ಅಂಚಿನಲ್ಲಿಯೇ ಹೊಸ ಬಿರುಕು ಬಾಯಿ ಬಿಡುತ್ತದೆ. ಒಳಗಡೆಯ ತೇವವೂ ಹೆಚ್ಚುತ್ತದೆ. ಹೀಗೇಕೆಂದು ತಿಳಿಯಲು ಇಟ್ಟಿಗೆಗಳನ್ನು ಬೆಸೆಯುವ ಗಾರೆಯ ಚರಿತ್ರೆಯನ್ನು ನೋಡಬೇಕು.

ಗೋಡೆಯ ತೇವ ಬಹು ಹಳೆಯ ಕಾಟ. ಕ್ರಿಸ್ತಪೂರ್ವ ಒಂದನೆಯ ಶತಮಾನದ ರೋಮನ್ ವಾಸ್ತುಜ್ಞ ವಿಟ್ರೂವಿಯಸನು ಇದಕ್ಕೆ ಎರಡು ಉಪಾಯಗಳನ್ನು ಹೇಳಿದ್ದಾನೆ. ನೆಲದಿಂದ ಸುಮಾರು 3 ಅಡಿಯವರೆಗೆ, ಮರಳಿನ ಬದಲು ಸುಟ್ಟ ಮಣ್ಣಿನ ಪುಡಿ ಬೆರೆಸಿದ ಸುಣ್ಣದ ಗಾರೆಯನ್ನು ಬಳಿಯಬೇಕೆಂಬುದು ಮೊದಲನೆಯದು. ತೇವ ಬಿಡದೆ ಬರುತ್ತಿದ್ದರೆ ಒಳಗೆ ಇನ್ನೊಂದು ತೆಳುಗೋಡೆ ಕಟ್ಟಿ, ನಡುವೆ ನೀರಿಗೆ ಕಾಲುವೆಯನ್ನೂ ಗಾಳಿಗೆ ಕಿಂಡಿಗಳನ್ನೂ ಬಿಡಬೇಕೆಂಬುದು ಎರಡನೆಯದು. ಒಳಬಂದ ನೀರಿಗೆ ಹೊರದಾರಿ ಬೇಕೆಂಬುದನ್ನು ಅವನು ಅರಿತಿದ್ದನು.

ಅದೇ ಸುಟ್ಟ ಮಣ್ಣಿನ ಪುಡಿಯೇ ನಮ್ಮವರ ಸುರ್ಕಿ. ಚೆನ್ನಾಗಿ ಸುಟ್ಟ ಇಟ್ಟಿಗೆಯ ಪುಡಿ ಸುಣ್ಣದೊಡನೆ ಕೂಡಿದರೆ ನೀರಿನಲ್ಲಿಯೂ ಗಟ್ಟಿಯಾಗುತ್ತದೆ. ಎತ್ತು ಕಟ್ಟಿದ ಕಲ್ಲಿನ ಗಾಲಿಯಿಂದ ಗಾರೆಯನ್ನು ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುವುದೂ ಉಂಟು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳನ್ನು ಬೆಸೆದದ್ದು ಈ ಸುರ್ಕಿ ಗಾರೆಯೇ.

ಇತ್ತ ಇಂಗ್ಲೆಂಡಿನಲ್ಲಿ ಜಾನ್ ಸ್ಮೀಟನ್ ಎಂಬ ಎಂಜಿನಿಯರು ಕಡಲ ನಡುವಣ ಎಡಿಸ್ಟನ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟಲು 1756ರಲ್ಲಿ ಸುಣ್ಣಗಳನ್ನು ಪರೀಕ್ಷಿಸತೊಡಗಿದನು. ಜೇಡಿಯ ಅಂಶವಿರುವ ಸುಣ್ಣಕಲ್ಲಿನಿಂದ ನೀರಿನಲ್ಲಿ ಗಟ್ಟಿಯಾಗುವ ಸುಣ್ಣ ದೊರೆಯುವುದೆಂದು ಕಂಡುಕೊಂಡನು. 1759ರಲ್ಲಿ ಅವನ ದೀಪ ಬೆಳಗಿತು. 1824ರಲ್ಲಿ ಲೀಡ್ಸ್ ನಗರದ ಇಟ್ಟಿಗೆ ಕೆಲಸಗಾರ ಜೋಸೆಫ್ ಆಸ್ಪ್‌ಡಿನ್ 'ಪೋರ್ಟ್‌ಲ್ಯಾಂಡ್' ಸಿಮೆಂಟಿಗೆ ಹಕ್ಕುಪತ್ರ ಪಡೆದನು. ನಮ್ಮ ದೇಶದಲ್ಲಿ 1914ರ ಹೊತ್ತಿಗೆ ಪೋರಬಂದರಿನ ಕಾರ್ಖಾನೆ ಸಿಮೆಂಟು ತಯಾರಿಸುತ್ತಿತ್ತು. ಬೇಗನೆ ಗಟ್ಟಿಯಾಗುವ, ಅರೆಯುವ ಶ್ರಮವಿಲ್ಲದ ಸಿಮೆಂಟಿನ ಮುಂದೆ ಸುಣ್ಣದ ಗಾರೆ ಹಿಂದೆ ಸರಿಯಿತು.

ಹೊಸ ಕಟ್ಟಡಕ್ಕೆ ಸಿಮೆಂಟು ತಂದ ಉಪಕಾರ ದೊಡ್ಡದು. ಹಳೆಯ ಗೋಡೆಯ ಮಾತೇ ಬೇರೆ. ಸುಣ್ಣದ ಗಾರೆ ಮೆದು. ಬಿಸಿಲು ಮಳೆಗಳಲ್ಲಿ ಗೋಡೆ ಕೊಂಚ ಅಲುಗಿದರೆ ತಾನೂ ಹೊಂದಿಕೊಳ್ಳುತ್ತದೆ. ಅದರ ಸಣ್ಣ ಸೀಳುಗಳಲ್ಲಿ ಕರಗಿದ ಸುಣ್ಣ ಮತ್ತೆ ಹೆಪ್ಪುಗಟ್ಟಿ ಅವನ್ನು ಮುಚ್ಚುವುದೂ ಉಂಟು. ಹೀರಿದ ನೀರು ಬಿಸಿಲಿಗೆ ಆರಿಹೋಗುತ್ತದೆ. ಬಿರುಸಾದ ಸಿಮೆಂಟು ಗೋಡೆಯೊಡನೆ ಅಲುಗದೆ ಅಂಚಿನಲ್ಲಿ ಬಿಟ್ಟುಕೊಳ್ಳುತ್ತದೆ. ಆ ಸೀಳಿನಿಂದ ನುಗ್ಗಿದ ನೀರು ಸಿಮೆಂಟಿನ ಮೂಲಕ ಸುಲಭವಾಗಿ ಆರಲಾರದೆ ಇಟ್ಟಿಗೆಯ ಮೂಲಕ ಹೊರಬೀಳುತ್ತದೆ. ತಂದ ಉಪ್ಪು ಅಲ್ಲಿಯೇ ಹರಳುಗಟ್ಟಿ ಇಟ್ಟಿಗೆಯ ಮುಖ ಪುಡಿಪುಡಿಯಾಗಿ ಉದುರುತ್ತದೆ. ಗಾರೆ ಹೋದರೆ ಮತ್ತೆ ತುಂಬಬಹುದು. ಇಟ್ಟಿಗೆಯೇ ಹೋದರೆ ಗೋಡೆಯೇ ಹೋದಂತೆ. ಆದುದರಿಂದ ದುರಸ್ತಿಯ ಗಾರೆ ಇಟ್ಟಿಗೆಗಿಂತ ಮೆದುವಾಗಿರಬೇಕು.

ದುರಸ್ತಿಗೆ ಕೈಹಾಕುವ ಮೊದಲು ನೀರಿನ ಮೂಲವನ್ನು ಹುಡುಕಬೇಕು: ಒಡೆದ ದೋಣಿ, ಕಟ್ಟಿಕೊಂಡ ಕೊಳವೆ, ಬಿಚ್ಚಿಕೊಂಡ ಗೋಡೆಯ ತಲೆ. ಅನಂತರ ಬಿರುಕಿಗೆ ಅಡ್ಡಲಾಗಿ ತೆಳುವಾದ ಗಾಜಿನ ಪಟ್ಟಿಯನ್ನು ಎರಡು ಕಡೆಗೂ ಭದ್ರವಾಗಿ ಅಂಟಿಸಿ ಕೆಲವು ತಿಂಗಳು ನೋಡಬೇಕು. ಗಾಜು ಒಡೆದರೆ ಗೋಡೆ ಇನ್ನೂ ಚಲಿಸುತ್ತಿದೆ. ಆಗ ಅಡಿಪಾಯವನ್ನು ಬಲ್ಲವರಿಗೆ ತೋರಿಸಬೇಕು. ಒಡೆಯದಿದ್ದರೆ ಸಡಿಲವಾದ ಗಾರೆಯನ್ನು ಕೆರೆದು ತೆಗೆದು, ಸಂದನ್ನು ನೀರಿನಿಂದ ನೆನೆಸಿ, ಸುಣ್ಣ ಸುರ್ಕಿಯ ಗಾರೆಯನ್ನು ಒತ್ತಿ ತುಂಬಿ, ಕೆಲವು ದಿನ ಬಿಸಿಲು ತಾಗದಂತೆ ಒದ್ದೆ ಗೋಣಿ ಹೊದಿಸಬೇಕು. ಈ ಗಾರೆ ನಿಧಾನವಾಗಿ ಬಲಿಯುವುದರಿಂದ ಕೆಲಸವನ್ನು ಮೊದಲ ಮಳೆಗೆ ಸಾಕಷ್ಟು ಮುಂಚೆಯೇ ಮುಗಿಸಿಕೊಳ್ಳುವುದು ಒಳ್ಳೆಯದು.