ಜಿನೀವಾದ ಗುಂಡುಸೂಜಿ

ಬಿ.ಎಡ್. ತರಗತಿಯಲ್ಲಿ ಮನೋವಿಜ್ಞಾನ ಓದಿದವರಿಗೆಲ್ಲ ಜೀನ್ ಪಿಯಾಜೆಯವರ ಹೆಸರು ಚಿರಪರಿಚಿತ. ಮಗುವಿನ ಬುದ್ಧಿ ಹಂತಹಂತವಾಗಿ ಬೆಳೆಯುವ ಬಗೆಯನ್ನು ವಿವರಿಸಿದ ಆ ಮಹನೀಯರ ಮೇಲೆ ಪರೀಕ್ಷೆಯಲ್ಲಿ ಒಂದು ಪ್ರಶ್ನೆ ತಪ್ಪುತ್ತಿರಲಿಲ್ಲ. ಆದರೆ 1921ರಲ್ಲಿ, ಇನ್ನೂ ತರುಣರಾಗಿದ್ದ ಪಿಯಾಜೆಯವರನ್ನು ಜಿನೀವಾಕ್ಕೆ ಕರೆಸಿಕೊಂಡು ಕೆಲಸ ಕೊಟ್ಟ ಎದ್ವಾರ್ ಕ್ಲಾಪಾರೆದ್ ಅವರ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬರುವುದಿಲ್ಲ. 1873ರಲ್ಲಿ ಜನಿಸಿ 1940ರಲ್ಲಿ ನಿಧನರಾದ ಈ ಸ್ವಿಸ್ ವೈದ್ಯರು 1912ರಲ್ಲಿ ರೂಸೋ ಅವರ ಹೆಸರಿನಲ್ಲಿ ಶಿಕ್ಷಣ ಸಂಸ್ಥೆಯೊಂದನ್ನು ಸ್ಥಾಪಿಸಿದರು. ಅದಕ್ಕೆ ಒಂದು ವರ್ಷ ಮೊದಲು, 1911ರಲ್ಲಿ, ಅವರು ಪ್ರಕಟಿಸಿದ ಲೇಖನವೊಂದರಲ್ಲಿ ಕೆಲವೇ ಸಾಲುಗಳಲ್ಲಿ ಬಂದುಹೋಗುವ ಒಂದು ಪ್ರಸಂಗವಿದೆ. ನಮ್ಮ ಭಾವನೆಗಳು ನಮ್ಮ ಅರಿವಿಗೇ ಬಾರದೆ ಹೇಗೆ ರೂಪುಗೊಳ್ಳುತ್ತವೆ ಎಂಬ ವಿಷಯದಲ್ಲಿ, ಫ್ರಾಯ್ಡರ ಸಂಪುಟಗಳಿಗಿಂತ ಆ ಕೆಲವು ಸಾಲುಗಳೇ ನನಗೆ ಹೆಚ್ಚು ಬೆಲೆಯುಳ್ಳವಾಗಿ ಕಂಡಿವೆ.

ಜಿನೀವಾದ ಬಳಿಯ ಬೆಲ್-ಏರ್ ಎಂಬ ಮಾನಸಿಕ ಚಿಕಿತ್ಸಾಲಯದಲ್ಲಿ 47 ವರ್ಷದ ಹೆಂಗಸೊಬ್ಬಳಿದ್ದಳು. ಆಕೆಗಿದ್ದುದು ಕೋರ್ಸಕಾಫ್ ಬೇನೆ. ರಷ್ಯದ ವೈದ್ಯ ಸೆರ್ಗೆಯ್ ಕೋರ್ಸಕಾಫ್ ವರ್ಣಿಸಿದ ಈ ರೋಗ ಮಿದುಳಿಗೆ ಬಿ-1 ಜೀವಸತ್ತ್ವ ಸಾಲದೆ ಬರುವಂಥದ್ದು. ಅತಿಯಾದ ಮದ್ಯಪಾನಿಗಳಲ್ಲಿ ಹೆಚ್ಚಾಗಿ ಕಾಣುತ್ತದೆ. ಹಳೆಯ ನೆನಪುಗಳು ಉಳಿದಿರುತ್ತವೆ, ಹೊಸತು ಮಾತ್ರ ನಿಲ್ಲುವುದಿಲ್ಲ. ಈಕೆ ಯೂರೋಪಿನ ರಾಜಧಾನಿಗಳನ್ನು ತಡವರಿಸದೆ ಹೇಳುತ್ತಿದ್ದಳು, ಬಾಯಿಲೆಕ್ಕ ಮಾಡುತ್ತಿದ್ದಳು. ಆದರೆ ನಿತ್ಯ ಕಾಣುವ ವೈದ್ಯರು ಆಕೆಗೆ ನಿತ್ಯವೂ ಅಪರಿಚಿತರು. ಆರು ತಿಂಗಳಿಂದ ಆರೈಕೆ ಮಾಡುತ್ತಿದ್ದ ದಾದಿಯನ್ನೂ ಆಕೆ ಗುರುತಿಸುತ್ತಿರಲಿಲ್ಲ.

ಇಂಥವಳ ಮನಸ್ಸಿನಲ್ಲಿ ತೀವ್ರವಾದ ಅನುಭವವಾದರೂ ಉಳಿದೀತೇ ಎಂದು ಪರೀಕ್ಷಿಸಲು ಕ್ಲಾಪಾರೆದ್ ತಮ್ಮ ಬೆರಳುಗಳ ನಡುವೆ ಗುಂಡುಸೂಜಿಯೊಂದನ್ನು ಬಚ್ಚಿಟ್ಟುಕೊಂಡು ಆಕೆಯ ಕೈಗೆ ಚುಚ್ಚಿದರು. (ಇಂದಿನ ದಿನಗಳಲ್ಲಾಗಿದ್ದರೆ ಯಾವ ನೈತಿಕ ಸಮಿತಿಯೂ ಇದಕ್ಕೆ ಒಪ್ಪಿಗೆ ಕೊಡುತ್ತಿರಲಿಲ್ಲ; ಆಕೆಯನ್ನು ಕೇಳಿ ಮಾಡಿದ ಪ್ರಯೋಗವಂತೂ ಇದಲ್ಲ.) ಕೆಲವು ನಿಮಿಷಗಳಲ್ಲಿ ಆಕೆ ಅದನ್ನೂ ಮರೆತಳು. ಆದರೆ ವೈದ್ಯರು ಪುನಃ ಕೈ ನೀಡಿದಾಗ ಆಕೆ ತಟ್ಟನೆ ತನ್ನ ಕೈಯನ್ನು ಹಿಂದಕ್ಕೆಳೆದುಕೊಂಡಳು. ಏಕೆಂದು ಕೇಳಿದರೆ, ಕೈ ಹಿಂದಕ್ಕೆ ತೆಗೆದುಕೊಳ್ಳಲು ತನಗೆ ಹಕ್ಕಿಲ್ಲವೇ ಎಂದು ಮರುಪ್ರಶ್ನೆ ಹಾಕಿದಳು. ಇನ್ನೂ ಒತ್ತಾಯಿಸಿದಾಗ, ನಿಮ್ಮ ಕೈಯಲ್ಲಿ ಸೂಜಿಯೇನಾದರೂ ಇರಬಹುದು, ಕೆಲವೊಮ್ಮೆ ಜನರ ಕೈಯಲ್ಲಿ ಸೂಜಿಗಳು ಅಡಗಿರುವುದುಂಟು ಎಂಬರ್ಥದ ಮಾತನಾಡಿದಳು. ತನಗೆ ಚುಚ್ಚಿದ್ದ ನೆನಪು ಮಾತ್ರ ಬರಲೇ ಇಲ್ಲ.

ಇಲ್ಲಿ ಗಮನಿಸತಕ್ಕ ಸಂಗತಿಗಳು ಎರಡು. ಮೊದಲನೆಯದು, ಘಟನೆ ಅಳಿದರೂ ಅಂಜಿಕೆ ಉಳಿಯಿತು. ಎರಡನೆಯದು ನನಗೆ ಇನ್ನೂ ವಿಸ್ಮಯಕರವಾದುದು: ಅಂಜಿಕೆಗೆ ಒಂದು ಕಾರಣ ಬೇಕಾದಾಗ ಆಕೆಯ ಮನಸ್ಸು ಅದನ್ನು ಒಂದು ಸಾಮಾನ್ಯ ಲೋಕಜ್ಞಾನವೆಂಬಂತೆ ಮುಂದಿಟ್ಟಿತು. ಅದು ಹೊರಗಿನಿಂದ ತಾನಾಗಿ ಹೊಳೆದ ಊಹೆಯೆಂದೇ ಆಕೆ ನಂಬಿದ್ದಳು. ಕ್ಲಾಪಾರೆದ್ ಅವರ ವಿವರಣೆಯೂ ಇದೇ ಜಾಡಿನದು. ಆಕೆಯಲ್ಲಿ ಸಂಸ್ಕಾರ ಉಳಿದಿದೆ, ಆದರೆ ‘ಇದು ನನಗೆ ಆದದ್ದು’ ಎಂಬ ನನ್ನತನದ ಭಾವ ಅದಕ್ಕೆ ಅಂಟಿಕೊಂಡಿಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ನಮ್ಮ ಯೋಗಶಾಸ್ತ್ರದಲ್ಲಿ ‘ವಾಸನೆ’ ಎಂಬ ಪದವಿದೆ. ಇಂಗು ಮುಗಿದ ಡಬ್ಬಿಯಲ್ಲಿ ಇಂಗಿನ ವಾಸನೆ ನಿಂತಿರುವುದನ್ನು ಬಲ್ಲ ಯಾವ ಗೃಹಿಣಿಗೂ ಆ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಂದು ಎಲ್ಲವನ್ನೂ ನಮ್ಮ ಋಷಿಗಳು ಮೊದಲೇ ಕಂಡಿದ್ದರೆಂದು ಬೀಗುವ ಅಗತ್ಯವೂ ಇಲ್ಲ. ಪತಂಜಲಿಯ ಚಿಂತನೆಯ ಗುರಿ ಬೇರೆ, ಜಿನೀವಾದ ವೈದ್ಯರ ಗುರಿ ಬೇರೆ.

ಅದೇ ಕಾಲದಲ್ಲಿ ವಿಯೆನ್ನಾದಲ್ಲಿ ಫ್ರಾಯ್ಡ್ ಪ್ರಸಿದ್ಧಿಗೆ ಬರುತ್ತಿದ್ದರು. ಅವರ ಅಜಾಗೃತ ಮನಸ್ಸು ಒಂದು ನೆಲಮಾಳಿಗೆ. ಒಪ್ಪಲಾಗದ ಬಯಕೆಗಳನ್ನು ಅಲ್ಲಿ ತಳ್ಳಿ ಬಾಗಿಲಿಕ್ಕಲಾಗುತ್ತದೆ. ಬೆಲ್-ಏರ್‌ನ ಹೆಂಗಸು ಯಾವುದನ್ನೂ ತಳ್ಳಿರಲಿಲ್ಲ. ಅಲ್ಲಿ ಬಯಕೆಯೂ ಇರಲಿಲ್ಲ, ನಾಚಿಕೆಯೂ ಇರಲಿಲ್ಲ. ಹಾಗಿದ್ದೂ ಆಕೆ ಅರಿಯದ ಯಾವುದೋ ಎಣಿಕೆ ಆಕೆಯ ಕೈಯನ್ನು ಹಿಂದೆಳೆಯಿತು. ಫ್ರಾಯ್ಡರ ಕಥೆಯಲ್ಲಿ ನಾಟಕೀಯತೆ ಹೆಚ್ಚು, ಆದ್ದರಿಂದ ಅದು ಜಗತ್ತನ್ನೇ ಸುತ್ತಿತು. ಕ್ಲಾಪಾರೆದ್ ಅವರ ಸಾಲುಗಳು ಬಹುಕಾಲ ತಜ್ಞರ ನಡುವೆಯೇ ಉಳಿದವು.

ನನ್ನ ಹಳೆಯ ವಿದ್ಯಾರ್ಥಿಗಳು ಇದನ್ನು ಓದುತ್ತಿರುವುದರಿಂದ ಒಂದು ಮಾತು. ಪ್ರೌಢಶಾಲೆಗೆ ಬರುವ ಹೊತ್ತಿಗೆ ಗಣಿತವೆಂದರೆ ಮುಖ ಬಿಳುಪೇರುವ ಮಕ್ಕಳನ್ನು ಪ್ರತಿ ವರ್ಷವೂ ಕಂಡಿದ್ದೇನೆ. ಏಕೆಂದು ಕೇಳಿದರೆ ವಿಷಯವೇ ಕಷ್ಟ ಎನ್ನುತ್ತಿದ್ದರು. ಅದು ನಿಜವೂ ಇರಬಹುದು. ಆದರೆ ಎರಡನೆಯ ತರಗತಿಯಲ್ಲಿ ಮಗ್ಗಿ ತಪ್ಪಿದ್ದಕ್ಕೆ ಬಿದ್ದ ಏಟು, ಇಡೀ ತರಗತಿ ನಕ್ಕ ಒಂದು ಮಧ್ಯಾಹ್ನ, ಇಂಥವು ಮರೆತುಹೋಗಿ, ‘ಗಣಿತ ಕಷ್ಟ’ ಎಂಬ ಲೋಕಜ್ಞಾನವಾಗಿ ಉಳಿದಿರಲಾರದೇ? ಇದು ಪ್ರಯೋಗದಿಂದ ಸಿದ್ಧಪಡಿಸಿದ ಸತ್ಯವಲ್ಲ, ತರಗತಿಯಲ್ಲಿ ನಿಂತವನ ಅನುಮಾನ.

ಪ್ರಯೋಗದ ಬಲ ಬೇಕೆನ್ನುವವರು 1995ರವರೆಗೆ ಕಾಯಬೇಕಾಯಿತು. ಅಮೆರಿಕದ ಅಯೋವಾದಲ್ಲಿ ಬೆಚಾರಾ, ಡಮಾಸಿಯೊ ಮತ್ತಿತರ ವಿಜ್ಞಾನಿಗಳು ಮಿದುಳಿಗೆ ಹಾನಿಯಾಗಿದ್ದ ಮೂವರನ್ನು ಪರೀಕ್ಷಿಸಿದರು. ನೀಲಿ ಬಣ್ಣ ತೋರಿಸಿದೊಡನೆ ಹಡಗಿನ ಕೊಂಬಿನ ಕರ್ಕಶ ಧ್ವನಿಯನ್ನು ಕೇಳಿಸುವುದು, ಬರಬರುತ್ತ ಬಣ್ಣ ಕಂಡಾಗಲೇ ಅಂಗೈ ಎಷ್ಟು ಬೆವರುತ್ತದೆಂದು ಅಳೆಯುವುದು ಅವರ ಕ್ರಮ. ಪಾವ್ಲೋವನ ನಾಯಿಯ ಪಾಠ ನೆನಪಿದ್ದವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಘಟನೆಗಳ ನೆನಪಿಗೆ ಅವಶ್ಯವಾದ ಹಿಪ್ಪೊಕ್ಯಾಂಪಸ್ ಕೆಟ್ಟಿದ್ದವನು ಏನು ನಡೆಯಿತೆಂದು ಹೇಳಲಾರದೆ ಹೋದ, ಅವನ ಅಂಗೈ ಮಾತ್ರ ಬೆವರಿತು. ಭಯದ ಕಲಿಕೆಗೆ ಸಂಬಂಧಿಸಿದ ಅಮಿಗ್ಡಲ ಎಂಬ ಬಾದಾಮಿಯಾಕಾರದ ಭಾಗ ನಾಶವಾಗಿದ್ದಾಕೆ ನೀಲಿಯ ಬೆನ್ನಿಗೆ ಕೊಂಬು ಕೂಗಿತೆಂದು ಸರಿಯಾಗಿ ಹೇಳಿದಳು, ಅಂಗೈ ಬೆವರಲಿಲ್ಲ. ಎರಡೂ ಕೆಟ್ಟಿದ್ದ ಮೂರನೆಯವನಲ್ಲಿ ಎರಡೂ ಇರಲಿಲ್ಲ. ಬೆಲ್-ಏರ್‌ನ ಹೆಂಗಸಿನ ಒಗಟು 84 ವರ್ಷಗಳ ಬಳಿಕ ಹೀಗೆ ಬಿಡಿಸಿಕೊಂಡಿತು. ಅಮಿಗ್ಡಲವೇ ಭಯದ ಮನೆ ಎಂದು ಪತ್ರಿಕೆಗಳು ಬರೆಯುವುದುಂಟು. ಈ ಸಂಶೋಧನೆಯಲ್ಲಿ ಹೆಸರಾದ ಜೋಸೆಫ್ ಲೆಡೂ ಅವರೇ ಅದು ಅಷ್ಟು ಸರಳವಲ್ಲ, ದೇಹದ ಎಚ್ಚರಿಕೆ ಬೇರೆ, ನಾವು ಅನುಭವಿಸುವ ಭಯ ಬೇರೆ ಎಂದು ಮುಂದೆ ತಿದ್ದಿ ಹೇಳಿದ್ದಾರೆ.

ಇಷ್ಟನ್ನು ಬರೆಯಲು ಕಾರಣವೊಂದಿದೆ. ನಮ್ಮ ಬಳಗದ ಹಿರಿಯರೊಬ್ಬರು ಮರೆವಿನ ಕಾಯಿಲೆಗೆ ತುತ್ತಾಗಿರುವುದು ನಿಮ್ಮಲ್ಲಿ ಹಲವರಿಗೆ ತಿಳಿದಿದೆ. “ಹೋಗಿ ಬಂದರೂ ಐದು ನಿಮಿಷದಲ್ಲಿ ಮರೆಯುತ್ತಾರೆ, ಹೋಗಿ ಪ್ರಯೋಜನವೇನು?” ಎಂಬ ಮಾತು ಮೊನ್ನೆಯೂ ಕಿವಿಗೆ ಬಿತ್ತು. ಅದೇ ಅಯೋವಾದಲ್ಲಿ 2010ರಲ್ಲಿ ಹಿಪ್ಪೊಕ್ಯಾಂಪಸ್‌ಗೆ ಹಾನಿಯಾಗಿದ್ದ ಐವರಿಗೆ ದುಃಖದ ಹಾಗೂ ಸಂತೋಷದ ಚಲನಚಿತ್ರ ತುಣುಕುಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿಗೆ ಚಿತ್ರದ ನೆನಪು ಬಹುಪಾಲು ಅಳಿಯಿತು. ಅದು ಎಬ್ಬಿಸಿದ ಭಾವ ಅಳಿಯಲಿಲ್ಲ. 2014ರಲ್ಲಿ ಆಲ್ಝೈಮರ್ ಕಾಯಿಲೆಯ 17 ಮಂದಿಯಲ್ಲಿಯೂ ಇದೇ ಕಂಡಿತು. ಚಿತ್ರವನ್ನು ಹೆಚ್ಚು ಮರೆತವರಲ್ಲಿಯೇ ದುಃಖ ಹೆಚ್ಚು ಹೊತ್ತು ನಿಂತಿತ್ತು. ಅವರ ಮನೆಯವರು ಅದನ್ನು ಕಂಡಿದ್ದರೆ, ಕಾರಣವಿಲ್ಲದೆ ಸಪ್ಪಗಿದ್ದಾರೆ ಎನ್ನುತ್ತಿದ್ದರೇನೋ.

ನಮ್ಮ ಹಿರಿಯರನ್ನು ಕಾಣಲು ಹೋಗುವವರು ಬೆಳಿಗ್ಗೆ ಹತ್ತರೊಳಗೆ ಹೋಗುವುದು ಒಳ್ಳೆಯದು. ಆ ಹೊತ್ತಿನಲ್ಲಿ ಅವರು ಲವಲವಿಕೆಯಿಂದ ಇರುತ್ತಾರೆ. ನಾನು ಯಾರು ಹೇಳಿ ನೋಡೋಣ ಎಂದು ಮಾತ್ರ ಕೇಳಬೇಡಿ.