ತಿಂಗಳ ಕೊನೆ, ಲೋಕದ ಕೊನೆ

(1/5) ಕಾರಿನ ಡಿಕ್ಕಿಯಲ್ಲಿ ಬಿದ್ದಿರೋ ಒಂದು ಹಳದಿ ಜಾಕೆಟ್ ಇಡೀ ಸರ್ಕಾರವನ್ನ ಹಿಂದೆ ಸರಿಯೋ ಹಾಗೆ ಮಾಡಿದ ಕಥೆ ಗೊತ್ತಾ? 🟡

ಜಾಗ ಫ್ರಾನ್ಸ್, ವರ್ಷ 2018. ಅಲ್ಲಿ ಪ್ರತಿ ಕಾರಿನಲ್ಲೂ ಹೊಳೆಯುವ ಹಳದಿ ಜಾಕೆಟ್ ಇರಲೇಬೇಕು ಅನ್ನೋದು 2008ರಿಂದ ಇರೋ ನಿಯಮ. ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತಾಗ, ಹಿಂದಿನಿಂದ ಬರೋರಿಗೆ ನಾವು ಕಾಣಬೇಕಲ್ಲ, ಅದಕ್ಕೆ. ಹತ್ತು ವರ್ಷ ಆದ್ಮೇಲೆ ಲಕ್ಷಾಂತರ ಜನ ಅದನ್ನೇ ಹಾಕ್ಕೊಂಡು ಬೀದಿಗೆ ಬಂದ್ರು. "ನಾವೂ ಇದ್ದೀವಿ, ನೋಡಿ" ಅನ್ನೋ ಹಾಗೆ.

(2/5) ಸಿಟ್ಟು ಯಾಕೆ?

ಹವಾಮಾನ ಬದಲಾವಣೆ ತಡೆಯೋಕೆ ಫ್ರಾನ್ಸ್ 2014ರಲ್ಲಿ ಇಂಧನದ ಮೇಲೆ ಕಾರ್ಬನ್ ತೆರಿಗೆ ತಂದಿತ್ತು. ಆಗ ಟನ್ ಇಂಗಾಲಾಮ್ಲಕ್ಕೆ 7 ಯೂರೋ. 2018ಕ್ಕೆ ಅದು 44.60 ಯೂರೋ ಆಯ್ತು. 2019ಕ್ಕೆ 55 ಮಾಡೋದು ಅಂತ ತೀರ್ಮಾನವೂ ಆಗಿತ್ತು. ಇಂಧನ ದುಬಾರಿಯಾದ್ರೆ ಜನ ಕಡಿಮೆ ಸುಡ್ತಾರೆ ಅನ್ನೋದು ಲೆಕ್ಕ.

ಪ್ಯಾರಿಸ್‌ನಲ್ಲಿರೋರಿಗೆ ಮೆಟ್ರೋ ಇದೆ. ಸಣ್ಣ ಊರಲ್ಲಿದ್ದು ದಿನಾ ದೂರದ ಕೆಲಸಕ್ಕೆ ಹೋಗೋರಿಗೆ ಕಾರು ಬಿಟ್ಟರೆ ಗತಿ ಇಲ್ಲ. ಅದೂ ಡೀಸೆಲ್ ಕಾರು. ಯಾಕಂದ್ರೆ ದಶಕಗಳ ಕಾಲ ಪೆಟ್ರೋಲ್‌ಗಿಂತ ಡೀಸೆಲ್ ಮೇಲೆ ಕಡಿಮೆ ತೆರಿಗೆ ಹಾಕಿದ್ದು ಸರ್ಕಾರವೇ!

ಗಾಯದ ಮೇಲೆ ಬರೆ ಎಳೆದ ಹಾಗೆ, ಅದೇ ವರ್ಷ ಶ್ರೀಮಂತರ ಸಂಪತ್ತಿನ ತೆರಿಗೆಯನ್ನ ಸ್ಥಿರಾಸ್ತಿಗೆ ಮಾತ್ರ ಸೀಮಿತ ಮಾಡಲಾಯಿತು. ಜನ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರು.

(3/5) ನವೆಂಬರ್ 17, 2018. ಶನಿವಾರ.

ಸರ್ಕಾರದ ಎಣಿಕೆಯ ಪ್ರಕಾರವೇ ಸುಮಾರು 2.8 ಲಕ್ಷ ಜನ ದೇಶದುದ್ದಕ್ಕೂ ಸರ್ಕಲ್‌ಗಳನ್ನ, ಹೆದ್ದಾರಿಗಳನ್ನ ತಡೆದು ನಿಂತರು. ಹಿಂದೆ ಯಾವ ಪಕ್ಷವೂ ಇರಲಿಲ್ಲ. ಪ್ರತಿ ಶನಿವಾರ ಇದು ಮುಂದುವರೀತು. ಪ್ಯಾರಿಸ್‌ನಲ್ಲಿ ಕಾರುಗಳು ಸುಟ್ಟವು, ಪೊಲೀಸರ ರಬ್ಬರ್ ಗುಂಡಿಗೆ ಕೆಲವರು ಕಣ್ಣು ಕಳ್ಕೊಂಡ್ರು. ಡಿಸೆಂಬರ್ ಮೊದಲ ವಾರದಲ್ಲೇ ಸರ್ಕಾರ 2019ರ ಏರಿಕೆ ಕೈಬಿಡ್ತು.

ಆ ದಿನಗಳಲ್ಲಿ ಬಾಯಿಂದ ಬಾಯಿಗೆ ಹರಡಿದ ಮಾತು: ಅವರಿಗೆ ಲೋಕದ ಕೊನೆಯ ಚಿಂತೆ, ನಮಗೆ ತಿಂಗಳ ಕೊನೆಯ ಚಿಂತೆ.

(4/5) ಹಾಗಾದ್ರೆ ಜನ ಪರಿಸರದ ವಿರೋಧಿಗಳಾ?

ಬಹಳ ಜನ ಹಾಗೇ ಅಂದುಕೊಂಡ್ರು. ಆದ್ರೆ ಡಿಸೆಂಬರ್ 8ರಂದು ಪ್ಯಾರಿಸ್‌ನಲ್ಲಿ ಹವಾಮಾನಕ್ಕಾಗಿ ದೊಡ್ಡ ಮೆರವಣಿಗೆ ನಡೆದಾಗ, ಹಳದಿ ಜಾಕೆಟ್‌ನವರೂ ಅದರಲ್ಲಿ ಹೆಜ್ಜೆ ಹಾಕಿದ್ರು. ಲೋಕದ ಕೊನೆ, ತಿಂಗಳ ಕೊನೆ, ಎರಡಕ್ಕೂ ಒಂದೇ ಹೋರಾಟ ಅನ್ನೋದು ಅಲ್ಲಿನ ಘೋಷಣೆ.

ಮುಂದಿನ ವರ್ಷ ಸರ್ಕಾರ ಚೀಟಿ ಎತ್ತಿದ ಹಾಗೆ 150 ಸಾಮಾನ್ಯ ಜನರನ್ನ ಆರಿಸಿ ಒಂದು ಸಭೆ ಮಾಡ್ತು. ಕೇಳಿದ್ದು ಒಂದೇ ಪ್ರಶ್ನೆ: ಸಾಮಾಜಿಕ ನ್ಯಾಯಕ್ಕೆ ಪೆಟ್ಟು ಬೀಳದ ಹಾಗೆ, 2030ರೊಳಗೆ ಇಂಗಾಲವನ್ನ 1990ರ ಮಟ್ಟಕ್ಕಿಂತ ಕನಿಷ್ಠ ಶೇ. 40 ಇಳಿಸೋದು ಹೇಗೆ? ತಿಂಗಳುಗಟ್ಟಲೆ ತಜ್ಞರ ಮಾತು ಕೇಳಿ, ಜಗಳ ಆಡಿ, 2020ರ ಜೂನ್‌ನಲ್ಲಿ ಅವರು ಕೊಟ್ಟಿದ್ದು 149 ಸಲಹೆ. ಹೆದ್ದಾರಿಯಲ್ಲಿ ವೇಗದ ಮಿತಿಯನ್ನ ಗಂಟೆಗೆ 110 ಕಿ.ಮೀ.ಗೆ ಇಳಿಸಿ ಅನ್ನುವಷ್ಟು ಕಠಿಣ! ಕಾರ್ಬನ್ ತೆರಿಗೆ ಏರಿಸಿ ಅಂತ ಮಾತ್ರ ಹೇಳಲಿಲ್ಲ.

(5/5) 146 ಸಲಹೆ ಒಪ್ಪಿದ್ದೀನಿ ಅಂದ ಅಧ್ಯಕ್ಷ ಮ್ಯಾಕ್ರನ್ ಮುಂದೆ ತಂದ ಮಸೂದೆ ತೆಳ್ಳಗಿತ್ತು. 2021ರ ಫೆಬ್ರವರಿಯಲ್ಲಿ ಅದೇ ಜನ ಸರ್ಕಾರಕ್ಕೆ ಕೊಟ್ಟ ಅಂಕ: 10ಕ್ಕೆ 3.3. ನಮ್ಮ ಕ್ಲಾಸಲ್ಲಾಗಿದ್ರೆ ಫೇಲ್ 😅

"ಜನಕ್ಕೆ ಬೆಲೆ ಏರಿಕೆ ಒಂದೇ ಮುಖ್ಯ, ಭೂಮಿಯ ಚಿಂತೆ ಇಲ್ಲ" ಅಂತ ಯಾರಾದ್ರೂ ಹೇಳಿದ್ರೆ ಈ ಕಥೆ ನೆನಪಿಸ್ಕೊಳ್ಳಿ. ಅವರು ಕೇಳಿದ್ದು "ಭೂಮಿ ಉಳಿಸಬೇಕಾ?" ಅಂತ ಅಲ್ಲ, "ಬಿಲ್ ಯಾರು ಕಟ್ಟಬೇಕು?" ಅಂತ. ಆ ಪ್ರಶ್ನೆಗೆ ನ್ಯಾಯವಾದ ಉತ್ತರ ಸಿಗೋವರೆಗೂ, ಎಷ್ಟೇ ಒಳ್ಳೆ ಯೋಜನೆಯಾದ್ರೂ ಪೆಟ್ರೋಲ್ ಬಂಕ್ ಮುಂದೆ ಮುಗ್ಗರಿಸುತ್ತೆ.

ನಿಮ್ಮ ಮನೆಯಲ್ಲಿ ತಿಂಗಳ ಕೊನೆಯ ಲೆಕ್ಕ ಬರೆಯೋರು ಯಾರು? ಇವತ್ತು ಅವರ ಹತ್ರ ಈ ಕಥೆ ಹೇಳಿ, ಅವರು ಏನಂದ್ರು ಅಂತ ಕಾಮೆಂಟ್‌ನಲ್ಲಿ ಬರೀರಿ 👇

#ಇತಿಹಾಸ #ಹವಾಮಾನ #ಬೆಲೆಏರಿಕೆ #ಕನ್ನಡ