ನವೆಂ ಯಾರ ಮನೆಯಲ್ಲಿ?

ಸೆಪ್ಟೆಂಬರ್ 8 ಹತ್ತಿರವಾಗುತ್ತಿದ್ದಂತೆ ಮಂಗಳೂರು ಕಡೆಯ ಕಥೊಲಿಕ್ ಮನೆಗಳ ಫೋನುಗಳಲ್ಲಿ ಓಡಾಡುವ ಪ್ರಶ್ನೆ ಇದು: “ಈ ಸಲ ನವೆಂ ಯಾರ ಮನೆಯಲ್ಲಿ?” ಬರೆಯುವಾಗ ನವೆಂ, ಬಾಯಲ್ಲಿ ನೊವೆಂ. ಕೊಂಕಣಿಯಲ್ಲಿ ಅದಕ್ಕೆ ‘ಹೊಸತು’ ಎಂದಷ್ಟೇ ಅರ್ಥ. ಹೊಸ ಮನೆಯೂ ‘ನವೆಂ ಘರ್’. ಆದರೆ ಮೊಂತಿ ಫೆಸ್ತ್ ಬಂತೆಂದರೆ ಈ ಸಾದಾ ಪದಕ್ಕೆ ಮೈ ತುಂಬುತ್ತದೆ. ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆ ನವೆಂ, ಪಾಯಸಕ್ಕೆ ಬಿದ್ದ ಅದರ ಅಕ್ಕಿ ನವೆಂ, ಕೊನೆಗೆ ಮನೆಮಂದಿ ಒಟ್ಟಿಗೆ ಕೂತು ಉಣ್ಣುವ ಊಟವೂ ನವೆಂ.

ಅಂದು ಮರಿಯಮ್ಮನವರ ಹುಟ್ಟುಹಬ್ಬ. ‘ಮೊಂತಿ’ ಬಂದದ್ದು ಪೋರ್ಚುಗೀಸರ ‘ಮೊಂತೆ’, ಅಂದರೆ ಬೆಟ್ಟದಿಂದ. ತುಳುವಿನಲ್ಲಿ ಇದೇ ಕುರಲ್ ಪರ್ಬ, ಕನ್ನಡದಲ್ಲಿ ತೆನೆ ಹಬ್ಬ. ಹಬ್ಬಕ್ಕೆ ಮೊದಲು ಒಂಬತ್ತು ದಿನ ನೊವೆನಾ ಪ್ರಾರ್ಥನೆ. ಮಕ್ಕಳು ತಟ್ಟೆ ತುಂಬ ಹೂ ಒಯ್ದು ಮಾತೆಗೆ ಅರ್ಪಿಸುತ್ತಾರೆ. ನೊವೆನಾ ಲ್ಯಾಟಿನ್ನಿನ ಒಂಬತ್ತು, ನವೆಂ ನಮ್ಮ ಹೊಸತು. ಬೇರು ಬೇರೆ, ಕಿವಿಗೆ ಅಕ್ಕತಂಗಿಯರು. ಸಂಸ್ಕೃತದ ‘ನವ’ವಂತೂ ಎರಡೂ ಅರ್ಥಗಳನ್ನು ಒಂದೇ ಉಸಿರಲ್ಲಿ ಹೇಳಿಬಿಡುತ್ತದೆ.

ಊಟ ಸಸ್ಯಾಹಾರ. ಹಂದಿ ಮಾಂಸವಿಲ್ಲದೆ ಹಬ್ಬವೇ ಇಲ್ಲ ಎನ್ನುವವರೂ ಅಂದು ಬಾಳೆಲೆಯ ಮುಂದೆ ತೆಪ್ಪಗೆ ಕೂರುತ್ತಾರೆ. ಹರಿವೆ ದಂಟಿಗೆ ಅಂಬಟೆಕಾಯಿ, ಕೆಸು, ಬೆಂಡೆ, ಹಾಗಲ, ಮುಳ್ಳುಸೌತೆ, ತೆಂಗಿನ ಹಾಲು ಬೆಲ್ಲದ ಪಾಯಸ. ಪದಾರ್ಥಗಳ ಲೆಕ್ಕ ಬೆಸವಾಗಿರಬೇಕೆಂಬ ಪದ್ಧತಿ ಹಲವು ಮನೆಗಳಲ್ಲುಂಟು. ಊಟ ನಮ್ಮಲ್ಲಿದ್ದ ವರ್ಷ ಏಳೋ ಒಂಬತ್ತೋ ಎಂದು ನಾನು ಬೆರಳು ಮಡಚುತ್ತಿದ್ದರೆ ಅತ್ತೆಯ ಚಿಂತೆಯೇ ಬೇರೆ: “ಪಲ್ಯ ಒಂದು ಕಮ್ಮಿಯಾದರೂ ಅಡ್ಡಿಯಿಲ್ಲ ಮಾರಾಯ್ತಿ, ನವೆಂ ಒಬ್ಬರಿಗೂ ತಪ್ಪಬಾರದು.”

ಅಸಲು ಕೆಲಸ ಅತ್ತೆಯ ಬೆರಳುಗಳದ್ದು. ಒಂದೊಂದೇ ಭತ್ತವನ್ನು ಉಗುರಿನಿಂದ ಸುಲಿದು, ಕಾಳು ಕುಟ್ಟಿ ಪುಡಿ ಮಾಡಿ ಹಾಲಿಗೆ ಬೆರೆಸುತ್ತಾರೆ. ಅಂಗೈಯ ಗುಳಿಯೂ ತುಂಬದಷ್ಟು ಪುಡಿ! ಪ್ರಾರ್ಥನೆ ಮುಗಿದ ಮೇಲೆ ಹಿರಿಯರಿಂದ ತೊಟ್ಟಿಲ ಕೂಸಿನವರೆಗೆ ಎಲ್ಲರಿಗೂ ಒಂದೊಂದು ಚಮಚ. ಗಲ್ಫಿನಲ್ಲೋ ಮುಂಬಯಿಯಲ್ಲೋ ಇರುವವರಿಗೆ ನಾಲ್ಕು ಕಾಳು ಲಕೋಟೆಯಲ್ಲಿ ಹೋಗುತ್ತದೆ. ಒಬ್ಬರೇ ಉಂಡರೆ ಅದು ಬರೀ ಅಕ್ಕಿ, ಹಂಚಿದರಷ್ಟೇ ನವೆಂ.

ಕೃತಜ್ಞತೆಯ ಬಗ್ಗೆ ಆವತ್ತಿನ ಪ್ರವಚನದಲ್ಲಿ ಎಷ್ಟು ದೊಡ್ಡ ಮಾತು ಬಂದರೂ ಮನೆಯಲ್ಲಿ ನಾವು ಆಡುವುದು ಮೂರೇ ಪದ: ‘ದೇವ್ ಬರೆಂ ಕರುಂ’. ದೇವರು ಒಳ್ಳೆಯದು ಮಾಡಲಿ. ಉಪಕಾರ ಮಾಡಿದವರು ಎದುರಿಗೇ ಇದ್ದಾರೆ, ಋಣ ತೀರಿಸುವ ಹೊಣೆ ಮಾತ್ರ ದೇವರಿಗೆ. ನನ್ನಿಂದ ಇದು ತೀರುವಂಥದ್ದಲ್ಲ ಎಂಬ ವಿನಯವೂ ಇದರಲ್ಲಿದೆ, ದೇವರ ಕೃಪೆ ಮನುಷ್ಯರ ಕೈಯಿಂದಲೇ ಬರುತ್ತದೆ ಎಂಬ ನಂಬಿಕೆಯೂ ಇದೆ.

ಈ ನಂಬಿಕೆಯೇ ಈಗ ನಮ್ಮನ್ನೊಂದು ಪ್ರಶ್ನೆ ಕೇಳಬೇಕು. ನಮ್ಮ ಅಜ್ಜಿಯ ಕಾಲದಲ್ಲಿ ತೆನೆ ಮನೆಯ ಗದ್ದೆಯಿಂದಲೇ ಬರುತ್ತಿತ್ತು; ಕೊಯ್ದವರೂ ಉಂಡವರೂ ಒಬ್ಬರನ್ನೊಬ್ಬರು ಬಲ್ಲವರು. ಇಂದು ನಮ್ಮ ಗದ್ದೆ ಅಡಿಕೆ ತೋಟವಾಗಿದೆ, ನೆಂಟರದ್ದು ಸೈಟಾಗಿದೆ. ಇಗರ್ಜಿಯಲ್ಲಿ ಕೈಗಿತ್ತ ತೆನೆ ಯಾರ ಗದ್ದೆಯದೆಂದು ನಾವು ಕೇಳುವುದೇ ಇಲ್ಲ. ದೇವರಿಗೆ ಸ್ತೋತ್ರ ಸಲ್ಲಿಸಿ, ನಡುವಿನ ಕೈಗಳನ್ನು ಮರೆತರೆ ‘ದೇವ್ ಬರೆಂ ಕರುಂ’ ಅರ್ಧ ಮಾತಾಗಿ ಉಳಿಯುತ್ತದೆ.

ಈ ವರ್ಷ ನವೆಂ ನಿಮ್ಮ ಮನೆಯಲ್ಲಿದ್ದರೆ ಆ ತೆನೆ ಬೆಳೆದವರು ಯಾರೆಂದು ವಿಚಾರಿಸಿ. ಕರೆದರೆ ಬರುವಷ್ಟು ಹತ್ತಿರದಲ್ಲಿದ್ದರೆ ಅವರಿಗೂ ಒಂದು ಎಲೆ ಹಾಕಿ.